ರೆಕಾರ್ಡ್ ಪುಸ್ತಕದ ಕರಿ ಚೌಕಗಳು

ರಾಜ್ಯದ ಎಂಜಿನಿಯರಿಂಗ್, ಪಾಲಿಟೆಕ್ನಿಕ್, ಬಿಸಿಎ ಕಾಲೇಜುಗಳಲ್ಲಿ ಕಂಪ್ಯೂಟರ್ ಲ್ಯಾಬ್ ನಡೆಸುವ ಅಧ್ಯಾಪಕರಿಗೆ ಮತ್ತು ಇನ್‌ಸ್ಟ್ರಕ್ಟರುಗಳಿಗೆ ಒಂದು ಬಹಿರಂಗ ಪತ್ರ



ಸೆಮಿಸ್ಟರ್ ಮುಗಿಯುತ್ತ ಬಂದಂತೆ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗಳಿಗೆ ಸುಗ್ಗಿ. ಪೆನ್‌ಡ್ರೈವ್ ಹಿಡಿದೋ ವಾಟ್ಸ್ಆ್ಯಪ್‌ನಲ್ಲಿ ಕಡತ ಕಳಿಸಿಯೋ ವಿದ್ಯಾರ್ಥಿಗಳು ಸಾಲುಗಟ್ಟುತ್ತಾರೆ. ಆ ಕಡತದಲ್ಲಿ ಇರುವುದಾದರೂ ಏನು? ವರ್ಡ್‌ನಲ್ಲಿ ಅಂಟಿಸಿದ ಒಂದು ಪ್ರೋಗ್ರಾಂ, ಅದರ ಕೆಳಗೆ ‘ಔಟ್‌ಪುಟ್’ ಎಂಬ ತಲೆಬರಹ, ಅದರ ಕೆಳಗೆ ಟರ್ಮಿನಲ್ ಕಿಟಕಿಯ ಸ್ಕ್ರೀನ್‌ಶಾಟ್. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ. ಪ್ರಿಂಟರ್ ಟೋನರನ್ನೆಲ್ಲ ಸುರಿದು ಹಾಳೆಯನ್ನು ಹೊರಗೆ ತಳ್ಳುತ್ತದೆ, ಆದರೆ ಅಕ್ಷರ ಓದಲು ಬರುವುದಿಲ್ಲ. ಅದರ ಜೆರಾಕ್ಸ್ ತೆಗೆದರಂತೂ ಕರಿ ಚೌಕದೊಳಗೆ ನಾಲ್ಕಾರು ಬಿಳಿ ಗೀರು ಉಳಿದರೆ ಹೆಚ್ಚು. ಆ ಹಾಳೆಯ ಮೂಲೆಗೆ ನಿಮ್ಮ ಸಹಿ ಬೀಳುತ್ತದೆ, ಪಕ್ಕದಲ್ಲಿ ಅಂಕವೂ ಬೀಳುತ್ತದೆ.

ಇದನ್ನು ಹುಡುಗರ ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ. ಬೇರೆ ದಾರಿ ಇದೆಯೆಂದು ಅವರಿಗೆ ಯಾರೂ ಹೇಳಿಲ್ಲ. ಅಥವಾ ಹೇಳಿದ್ದಾರೆ, ಪರೀಕ್ಷೆಗೆ ಮಾತ್ರ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಯೂನಿಕ್ಸ್ ಮತ್ತು ಶೆಲ್ ಪ್ರೋಗ್ರಾಮಿಂಗ್ ಬಹುಕಾಲ ಇದ್ದ ವಿಷಯ. ಅದಕ್ಕೆ ಪಠ್ಯವಾಗಿದ್ದ ಸುಮಿತಾಭ ದಾಸ್ ಅವರ ದಪ್ಪ ಪುಸ್ತಕದಲ್ಲಿ ಕಡತವನ್ನು ಪುಟಪುಟವಾಗಿ ಜೋಡಿಸಿಕೊಡುವ ಪಿಆರ್ ಎಂಬ ಆಜ್ಞೆಯ ವಿವರಣೆಯಿದೆ. ಅದರ ಬಗ್ಗೆ ಉತ್ತರ ಬರೆದು ಪಾಸಾದವರೇ ಮರುದಿನ ಸ್ಕ್ರೀನ್‌ಶಾಟ್ ತೆಗೆದು ರೆಕಾರ್ಡಿಗೆ ಅಂಟಿಸುತ್ತಾರೆ. ಲ್ಯಾಬಿನ ಲಿನಕ್ಸ್ ಯಂತ್ರದಲ್ಲಿ ಆ ಆಜ್ಞೆ ಇಂದಿಗೂ ಇದೆ. ಕೈಯಾಡಿಸುವವರಿಲ್ಲ, ಅಷ್ಟೇ.

ಈ ಪತ್ರದ ಬೇಡಿಕೆ ಒಂದೇ: ಪಠ್ಯವಾಗಿ ಹುಟ್ಟಿದ್ದು ಪಠ್ಯವಾಗಿಯೇ ಕಾಗದಕ್ಕೆ ಇಳಿಯಲಿ. ಅದಕ್ಕೆ ಬೇಕಾದ ಸಲಕರಣೆಗಳು ಹೊಸವಲ್ಲ, ದುಬಾರಿಯಲ್ಲ, ಡೌನ್‌ಲೋಡ್ ಮಾಡಬೇಕಾದವೂ ಹೆಚ್ಚಿಲ್ಲ. ಮುಂದೆ ಬರುವ ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದೆ. ಕೀಲಿಮಣೆಯಲ್ಲಿ ಒತ್ತುವಾಗ ಅವು ಇಂಗ್ಲಿಷಿನ ಸಣ್ಣಕ್ಷರಗಳೆಂದು ನಿಮಗೆ ಹೇಳಬೇಕಾಗಿಲ್ಲ.

ಯೂನಿಕ್ಸ್ ಎಂಬ ವ್ಯವಸ್ಥೆ ಕಾಲೂರಿದ್ದೇ ಕಾಗದದ ಕೆಲಸದಿಂದ. 1970ರ ಸುಮಾರಿಗೆ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಗೆಳೆಯರಿಗೆ ಹೊಸ ಕಂಪ್ಯೂಟರ್ ಬೇಕಿತ್ತು. ‘ಆಪರೇಟಿಂಗ್ ಸಿಸ್ಟಂ ಬರೆಯುತ್ತೇವೆ’ ಎಂದರೆ ಹಣ ಕೊಡುವ ಮನಸ್ಸು ಮೇಲಿನವರಿಗೆ ಇರಲಿಲ್ಲ. ಆಗ ಅವರು ಹೂಡಿದ ವಾದವೇ ಬೇರೆ: ಪಠ್ಯವನ್ನು ತಿದ್ದಿ, ಜೋಡಿಸಿ, ಅಚ್ಚು ಹಾಕುವ ವ್ಯವಸ್ಥೆಯೊಂದನ್ನು ಕಟ್ಟಿಕೊಡುತ್ತೇವೆ. ಹೀಗೆ ಬಂದದ್ದು ಪಿಡಿಪಿ-11 ಯಂತ್ರ. ಮೊದಲ ಗಿರಾಕಿ ಸಂಸ್ಥೆಯ ಪೇಟೆಂಟ್ ವಿಭಾಗ. ಪೇಟೆಂಟ್ ಅರ್ಜಿಗಳ ಪುಟಗಳಲ್ಲಿ ಸಾಲುಗಳಿಗೆ ಸಂಖ್ಯೆ ಹಾಕಿರಬೇಕಿತ್ತು, ಮಾಮೂಲಿ ಟೈಪ್‌ರೈಟರಿನಲ್ಲಿ ಅದು ದೊಡ್ಡ ತಲೆನೋವು. ಜೋ ಒಸಾನ ಮತ್ತು ಸಂಗಡಿಗರು ಅದನ್ನು ಕಂಪ್ಯೂಟರಿನಲ್ಲೇ ಮಾಡಿಕೊಡಲು ಮುಂದಾದರು. 1971ರ ಉತ್ತರಾರ್ಧದಲ್ಲಿ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟರು ಇಡೀ ದಿನ ಅರ್ಜಿ ಟೈಪಿಸುತ್ತ, ತಿದ್ದುತ್ತ, ಪುಟ ಕಟ್ಟುತ್ತ ಕೂತಿರುತ್ತಿದ್ದರು. ಅದೇ ಯಂತ್ರದಲ್ಲಿ ಪಕ್ಕದವರು ಯೂನಿಕ್ಸನ್ನೇ ಬೆಳೆಸುತ್ತಿದ್ದರು. ಆ ಯಂತ್ರದ ಒಟ್ಟು ಸ್ಮೃತಿ 24 ಕಿಲೋಬೈಟ್, ಡಿಸ್ಕು ಅರ್ಧ ಮೆಗಾಬೈಟ್. ಇಂದಿನ ಒಂದು ಸ್ಕ್ರೀನ್‌ಶಾಟ್ ಆ ಡಿಸ್ಕನ್ನು ಒಂಟಿಯಾಗಿ ತುಂಬಿಬಿಡಬಲ್ಲದು.

1971ರ ನವೆಂಬರ್ 3ರ ದಿನಾಂಕ ಹೊತ್ತ ಯೂನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ಪಿಆರ್ ಇದೆ. ಐವತ್ತು ವರ್ಷ ದಾಟಿದರೂ ಅದರ ಕೆಲಸ ಬದಲಾಗಿಲ್ಲ. ಕಡತವೊಂದನ್ನು ಕೊಟ್ಟರೆ ಪುಟಗಳಾಗಿ ಕತ್ತರಿಸಿ, ಪ್ರತಿ ಪುಟದ ನೆತ್ತಿಯಲ್ಲಿ ದಿನಾಂಕ, ಕಡತದ ಹೆಸರು, ಪುಟಸಂಖ್ಯೆ ಬರೆದು ಕೊಡುತ್ತದೆ. ಲ್ಯಾಬ್ ರೆಕಾರ್ಡಿನಲ್ಲಿ ನೀವು ಕೈಯಾರೆ ಬರೆಸುವ ವಿವರಗಳೇ ಇವು. ಹೈಫನ್ ಎನ್ ಸೇರಿಸಿದರೆ ಸಾಲುಗಳಿಗೆ ಸಂಖ್ಯೆ ಬೀಳುತ್ತದೆ. ‘ಹದಿನೇಳನೇ ಸಾಲಿನಲ್ಲಿ ಪಾಯಿಂಟರ್ ತಪ್ಪಿದೆ’ ಎಂದು ವೈವಾದಲ್ಲಿ ಬೆರಳಿಟ್ಟು ತೋರಿಸಲು ಇದಕ್ಕಿಂತ ಅನುಕೂಲ ಯಾವುದು? ಹೈಫನ್ ಎಚ್ ಜೊತೆಗೆ ಉದ್ಧರಣ ಚಿಹ್ನೆಯೊಳಗೆ ವಿದ್ಯಾರ್ಥಿಯ ಹೆಸರು, ಯುಎಸ್ಎನ್ ಕೊಟ್ಟರೆ ಕಡತದ ಹೆಸರಿನ ಜಾಗದಲ್ಲಿ ಅದು ಪ್ರತಿ ಪುಟದಲ್ಲೂ ಬರುತ್ತದೆ. ಹೈಫನ್ ಓ 8 ಎಂದರೆ ಎಡಗಡೆ ಎಂಟು ಅಕ್ಷರದಷ್ಟು ಜಾಗ ಬಿಡುತ್ತದೆ. ಸ್ಪೈರಲ್ ಬೈಂಡಿಂಗಿನವನು ತೂತು ಹೊಡೆದರೂ ಪ್ರೋಗ್ರಾಂ ಉಳಿಯುತ್ತದೆ.

ನೆತ್ತಿಯ ದಿನಾಂಕದ ಬಗ್ಗೆ ಒಂದು ಮಾತು. ಕಡತವನ್ನು ನೇರವಾಗಿ ಪಿಆರ್‌ಗೆ ಕೊಟ್ಟರೆ ಅದು ಮುದ್ರಿಸಿದ ದಿನದ್ದಲ್ಲ, ಕಡತವನ್ನು ಕೊನೆಯ ಸಲ ಬದಲಿಸಿದ ದಿನದ್ದು. ‘ಕಳೆದ ತಿಂಗಳೇ ಮಾಡಿದ್ದೆ ಸರ್’ ಎನ್ನುವ ಪ್ರೋಗ್ರಾಮಿನ ಮೇಲೆ ನಿನ್ನೆ ರಾತ್ರಿಯ ಹೊತ್ತು ಕಾಣಿಸಿದರೆ ವಿಚಾರಿಸಬಹುದು. ಟಚ್ ಆಜ್ಞೆ ಬಲ್ಲವನು ಆ ಹೊತ್ತನ್ನೂ ಬದಲಿಸಬಲ್ಲ, ನಿಜ. ಅಷ್ಟು ಯೂನಿಕ್ಸ್ ಕಲಿತವನಿಗೆ ಒಂದೆರಡು ಅಂಕ ಕೊಟ್ಟರೂ ನಷ್ಟವಿಲ್ಲ.

ಇನ್ನು ಅಳತೆಯ ಗೋಳು. ಪಿಆರ್‌ನ ಲೆಕ್ಕದಲ್ಲಿ ಒಂದು ಪುಟವೆಂದರೆ 66 ಸಾಲು. ಮೇಲೆ ಐದು, ಕೆಳಗೆ ಐದು ಸಾಲು ಬಿಟ್ಟು ನಡುವೆ 56 ಸಾಲು ಪಠ್ಯ. ಈ 66 ಎಲ್ಲಿಂದ ಬಂತು? ಅಮೆರಿಕದ ಕಾಗದದ ಉದ್ದ 11 ಇಂಚು, ಇಂಚಿಗೆ ಆರು ಸಾಲು. ನಮ್ಮಲ್ಲಿ ನಡೆಯುವುದು ಎ4, ಅದರ ಉದ್ದ 297 ಮಿಲಿಮೀಟರ್, ಅಂದರೆ ಹನ್ನೊಂದೂಮುಕ್ಕಾಲು ಇಂಚಿಗೆ ಕೊಂಚ ಕಡಿಮೆ. ಉದ್ದ ಹೆಚ್ಚಿರುವುದರಿಂದ ತೊಂದರೆಯಿಲ್ಲ ಎನಿಸುತ್ತದೆ. ಆದರೆ ಲೇಸರ್ ಪ್ರಿಂಟರಿಗೆ ಕಳಿಸುವಾಗ ಮೇಲೆ ಕೆಳಗೆ ಅಂಚು ಬಿಡಲಾಗುತ್ತದೆ. ಎರಡೂ ಕಡೆ ಅರ್ಧರ್ಧ ಇಂಚು ಹೋದರೆ ಉಳಿಯುವುದು 64 ಸಾಲಿನ ಜಾಗ. ಪಿಆರ್ ಕಟ್ಟಿದ 66 ಸಾಲಿನ ಪುಟದ ಕೊನೆಯ ಎರಡು ಸಾಲು ಮುಂದಿನ ಹಾಳೆಗೆ ಜಾರುತ್ತವೆ, ಅದರ ಮುಂದಿನ ಪುಟದ್ದು ನಾಲ್ಕು ಸಾಲು, ಹೀಗೆ ತಲೆಬರಹ ಹಾಳೆಯ ನಡುವಿಗೆ ಇಳಿಯುತ್ತ ಹೋಗುತ್ತದೆ. ಒಮ್ಮೆ ಹೀಗಾದ ಮೇಲೆ ‘ಇದೆಲ್ಲ ಸರಿಹೋಗುವುದಿಲ್ಲ’ ಎಂದು ವರ್ಡಿಗೆ ಮರಳಿದವರೇ ಬಹಳ. ಪರಿಹಾರ ಸಣ್ಣದು: ಹೈಫನ್ ಎಲ್ 60 ಎಂದು ಪುಟದ ಉದ್ದ ಕಡಿಮೆ ಮಾಡಿ, ಜೊತೆಗೆ ದೊಡ್ಡಕ್ಷರದ ಹೈಫನ್ ಎಫ್ ಕೊಡಿ. ಆಗ ಪಿಆರ್ ಖಾಲಿ ಸಾಲುಗಳಿಂದ ಪುಟ ತುಂಬಿಸುವುದನ್ನು ಬಿಟ್ಟು ‘ಹಾಳೆ ಬದಲಿಸು’ ಎಂಬ ಸಂಕೇತ ಕಳಿಸುತ್ತದೆ.

ಹಳೆಯ ಡಾಟ್ ಮ್ಯಾಟ್ರಿಕ್ಸ್ ಯಂತ್ರವನ್ನು ಇನ್ನೂ ಉಳಿಸಿಕೊಂಡ ಲ್ಯಾಬುಗಳಿದ್ದರೆ ಅಲ್ಲಿನ ಲೆಕ್ಕ ಬೇರೆ. ನಮ್ಮ ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ, ಎರಡೂ ಅಂಚಿಗೆ ತೂತಿರುವ ಮಡಿಕೆ ಕಾಗದದಲ್ಲಿ 10 ಇಂಚು ಅಗಲ, 12 ಇಂಚು ಉದ್ದದ್ದು ಸಾಮಾನ್ಯ. ಇಂಚಿಗೆ ಆರರಂತೆ 72 ಸಾಲು. ಹೈಫನ್ ಎಲ್ 72 ಎಂದರೆ ಮಡಿಕೆಗೂ ಪುಟಕ್ಕೂ ತಾಳೆಯಾಗುತ್ತದೆ. ಬ್ಯಾಂಕಿನ ಪಾಸ್‌ಬುಕ್ಕಿನಿಂದ ಲಾರಿ ಆಫೀಸಿನ ಬಿಲ್ಲಿನವರೆಗೆ ಇಂಥ ಯಂತ್ರಗಳು ಇನ್ನೂ ಕರಕರ ಎನ್ನುತ್ತಿರುವಾಗ ಈ ಲೆಕ್ಕ ಗೊತ್ತಿರುವ ಪದವೀಧರ ದಂಡವಾಗಲಾರ.

ಡಾಟ್ ಮ್ಯಾಟ್ರಿಕ್ಸಿಗೆ ಕಡತವನ್ನು ಹಾಗೇ ಸುರಿದಾಗ ಅಕ್ಷರಗಳು ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಇಳಿದುಹೋಗುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಟೆಲಿಪ್ರಿಂಟರಿನ ಕಾಲದಿಂದಲೂ ‘ಕೆಳಗಿನ ಸಾಲಿಗೆ ಇಳಿ’ ಎನ್ನುವುದು ಒಂದು ಸಂಕೇತ, ‘ಎಡ ಅಂಚಿಗೆ ಮರಳು’ ಎನ್ನುವುದು ಇನ್ನೊಂದು. ವಿಂಡೋಸ್ ಕಡತದ ಪ್ರತಿ ಸಾಲಿನ ಕೊನೆಯಲ್ಲಿ ಎರಡೂ ಇರುತ್ತವೆ, ಯೂನಿಕ್ಸ್ ಕಡತದಲ್ಲಿ ಮೊದಲನೆಯದು ಮಾತ್ರ. ಬರೀ ಇಳಿಯುವ ಸಂಕೇತ ಸಿಕ್ಕ ಪ್ರಿಂಟರ್ ಇಳಿಯುತ್ತದೆಯೇ ಹೊರತು ಮರಳುವುದಿಲ್ಲ. ಯುನಿಕ್ಸ್2ಡಾಸ್, ಡಾಸ್2ಯುನಿಕ್ಸ್ ಎಂಬ ಪುಟ್ಟ ಆಜ್ಞೆಗಳು ಇರುವುದೇ ಈ ಜಗಳ ಬಿಡಿಸಲು.

ಪುಟ ಕಟ್ಟುವ ಮೊದಲು ಸಾಲುಗಳನ್ನು ಹದಕ್ಕೆ ತರಬೇಕು. ಹುಡುಗರು ಬರೆಯುವ ಪ್ರೋಗ್ರಾಮಿನಲ್ಲಿ ಟ್ಯಾಬುಗಳದೇ ಹಾವಳಿ. ಒಂದು ಟ್ಯಾಬ್ ಎಂದರೆ ಯೂನಿಕ್ಸಿಗೆ ಎಂಟು ಜಾಗ, ಹಲವು ಎಡಿಟರುಗಳಲ್ಲಿ ನಾಲ್ಕು. ಪರದೆಯ ಮೇಲೆ ನೀಟಾಗಿ ಕಂಡ ಪ್ರೋಗ್ರಾಂ ಕಾಗದದಲ್ಲಿ ಬಲ ಅಂಚಿಗೆ ಹೋಗಿ ಡಿಕ್ಕಿ ಹೊಡೆಯುತ್ತದೆ. ಎಕ್ಸ್‌ಪ್ಯಾಂಡ್ ಆಜ್ಞೆಗೆ ಹೈಫನ್ ಟಿ 4 ಕೊಟ್ಟರೆ ಟ್ಯಾಬುಗಳೆಲ್ಲ ನಾಲ್ಕರ ಅಳತೆಯ ಖಾಲಿ ಜಾಗಗಳಾಗುತ್ತವೆ. ಉದ್ದ ಸಾಲುಗಳನ್ನು ಮಡಿಸಲು ಫೋಲ್ಡ್ ಇದೆ. ಅದಕ್ಕೆ ಹೈಫನ್ ಎಸ್ ಕೊಡುವುದನ್ನು ಮರೆಯಬೇಡಿ, ಕೊಟ್ಟರೆ ಪದದ ನಡುವೆ ಕತ್ತರಿಸದೆ ಖಾಲಿ ಜಾಗ ನೋಡಿ ಮಡಿಸುತ್ತದೆ. ವರದಿಯಂಥ ಗದ್ಯವಾದರೆ ಎಫ್‌ಎಂಟಿ ಒಳ್ಳೆಯದು. ಅದು ಗಿಡ್ಡ ಸಾಲುಗಳನ್ನು ಕೂಡಿಸಿ, ಉದ್ದವಾದವನ್ನು ಒಡೆದು, ಪ್ಯಾರಾವನ್ನು ಸಮನಾಗಿ ತುಂಬುತ್ತದೆ. ಪ್ರೋಗ್ರಾಮಿನ ಮೇಲೆ ಮಾತ್ರ ಅದನ್ನು ಹಾಯಿಸಬೇಡಿ, ಸಾಲುಗಳೆಲ್ಲ ಕೂಡಿಕೊಂಡು ಕಲಸುಮೇಲೋಗರವಾಗುತ್ತದೆ.

ಹಾಗೆಯೇ ಪಿಆರ್‌ನ ಎರಡು ಅಂಕಣದ ಸೌಲಭ್ಯ. ಹೈಫನ್ 2 ಎಂದರೆ ಕಾಗದ ಅರ್ಧ ಉಳಿಯುತ್ತದೆಂದು ಆಸೆಯಾಗುತ್ತದೆ. ಆದರೆ ಅಂಕಣದ ಅಗಲ ಮೀರಿದ ಭಾಗವನ್ನು ಅದು ಸದ್ದಿಲ್ಲದೆ ಕತ್ತರಿಸಿ ಎಸೆಯುತ್ತದೆ. ಗಿಡ್ಡ ಸಾಲುಗಳ ದತ್ತಾಂಶಕ್ಕೆ ಸರಿ, ಸಿ ಪ್ರೋಗ್ರಾಮಿಗೆ ಅಪಾಯ.

ಸ್ಕ್ರೀನ್‌ಶಾಟಿನ ಪರವಾಗಿ ಹುಡುಗರು ಹೇಳುವ ಗಟ್ಟಿ ವಾದವೊಂದಿದೆ. ‘ಔಟ್‌ಪುಟ್ ಇರುವುದು ಪರದೆಯ ಮೇಲೆ, ಕಡತದಲ್ಲಿ ಅಲ್ಲ. ಫೋಟೊ ತೆಗೆಯದೆ ಇನ್ನೇನು ಮಾಡುವುದು?’ ಔಟ್‌ಪುಟ್ಟನ್ನು ಟೀ ಆಜ್ಞೆಯ ಮೂಲಕ ಹಾಯಿಸಿದರೆ ಪರದೆಯ ಮೇಲೂ ಕಾಣುತ್ತದೆ, ಕಡತಕ್ಕೂ ಇಳಿಯುತ್ತದೆ. ಆದರೆ ಟೀಯಲ್ಲಿ ಒಂದು ಕೊರತೆ: ಪ್ರೋಗ್ರಾಂ ‘ಎರಡು ಸಂಖ್ಯೆ ಕೊಡಿ’ ಎಂದು ಕೇಳಿದಾಗ ವಿದ್ಯಾರ್ಥಿ ಒತ್ತಿದ 12 ಮತ್ತು 30 ಅದರಲ್ಲಿ ದಾಖಲಾಗುವುದಿಲ್ಲ. ಪ್ರಶ್ನೆ ಇದೆ, ಉತ್ತರ ಇದೆ, ನಡುವಿನ ಇನ್‌ಪುಟ್ ಮಾಯ. ಇದಕ್ಕೆಂದೇ ಸ್ಕ್ರಿಪ್ಟ್ ಎಂಬ ಆಜ್ಞೆ ಬರ್ಕ್ಲಿಯ 3ಬಿಎಸ್‌ಡಿ ಕಾಲದಿಂದಲೂ ಇದೆ. ‘ಸ್ಕ್ರಿಪ್ಟ್’ ಎಂದು ಒತ್ತಿ, ಪ್ರೋಗ್ರಾಂ ಕಂಪೈಲ್ ಮಾಡಿ, ಓಡಿಸಿ, ಬೇಕಾದ ಇನ್‌ಪುಟ್ ಕೊಟ್ಟು, ‘ಎಕ್ಸಿಟ್’ ಎಂದರೆ ಮುಗಿಯಿತು. ಆ ಹೊತ್ತಿನಲ್ಲಿ ಪರದೆಯ ಮೇಲೆ ನಡೆದದ್ದೆಲ್ಲ, ಕಂಪೈಲರ್ ಬೈದದ್ದೂ ಸೇರಿ, ಟೈಪ್‌ಸ್ಕ್ರಿಪ್ಟ್ ಎಂಬ ಕಡತದಲ್ಲಿ ಕೂತಿರುತ್ತದೆ. ಅದರಲ್ಲಿ ಅಳಿಸಿ ತಿದ್ದಿದ ಕುರುಹುಗಳು ಉಳಿದಿರುತ್ತವೆ. ಕಾಲ್ ಆಜ್ಞೆಗೆ ಹೈಫನ್ ಬಿ ಕೊಟ್ಟು ಹಾಯಿಸಿದರೆ ಅವು ಬಹುಮಟ್ಟಿಗೆ ತೊಳೆದುಹೋಗುತ್ತವೆ. ಬಣ್ಣಬಣ್ಣದ ಪ್ರಾಂಪ್ಟ್ ಇಟ್ಟುಕೊಂಡವರು ಮೊದಲೇ ಅದನ್ನು ಸಾದಾ ಮಾಡಿಕೊಂಡರೆ ಒಳ್ಳೆಯದು, ಇಲ್ಲವಾದರೆ ಬಣ್ಣದ ಸಂಕೇತಗಳು ಕಸವಾಗಿ ಅಲ್ಲಲ್ಲಿ ಉಳಿಯುತ್ತವೆ.

ಕೊನೆಯ ಹೆಜ್ಜೆ ಪ್ರಿಂಟರಿಗೆ ಕಳಿಸುವುದು. ಯೂನಿಕ್ಸ್ ಲೋಕ ಎರಡು ಮನೆಯಾಗಿ ಒಡೆದಿದ್ದ ಕಾಲದ ನೆನಪಾಗಿ ಇಲ್ಲಿ ಎರಡು ಆಜ್ಞೆಗಳಿವೆ. ಎಟಿ ಆ್ಯಂಡ್ ಟಿಯ ಸಿಸ್ಟಂ ಫೈವ್ ಕಡೆಯವರದು ಎಲ್‌ಪಿ, ಬರ್ಕ್ಲಿಯವರದು ಎಲ್‌ಪಿಆರ್. ಇಂದು ಎರಡರ ಹಿಂದೆಯೂ ನಿಂತಿರುವುದು ಕಪ್ಸ್ ಎಂಬ ಒಂದೇ ವ್ಯವಸ್ಥೆ. ಮೈಕೆಲ್ ಸ್ವೀಟ್ 1990ರ ದಶಕದ ಕೊನೆಯಲ್ಲಿ ಕಟ್ಟಿದ ಇದನ್ನು ಆ್ಯಪಲ್ 2002ರಲ್ಲಿ ತನ್ನ ಮ್ಯಾಕ್‌ಗೆ ಅಳವಡಿಸಿಕೊಂಡಿತು. ಹಾಗಾಗಿ ಪ್ರಾಂಶುಪಾಲರ ಮೇಜಿನ ಮ್ಯಾಕ್‌ನಲ್ಲೂ ಲ್ಯಾಬಿನ ಲಿನಕ್ಸಿನಲ್ಲೂ ಎಲ್‌ಪಿ ಒಂದೇ ರೀತಿ ನಡೆಯುತ್ತದೆ.

ಎಲ್‌ಪಿಯ ಸಂಪತ್ತು ಅದರ ಹೈಫನ್ ಓ ಆಯ್ಕೆಗಳಲ್ಲಿದೆ. ಸಾಮಾನ್ಯವಾಗಿ ಅಕ್ಷರಗಳು ಇಂಚಿಗೆ ಹತ್ತರಂತೆ ಬೀಳುತ್ತವೆ. ಎ4ರ ಅಗಲ ಎಂಟೂಕಾಲು ಇಂಚು, ಅಂಚು ಕಳೆದರೆ 80 ಅಕ್ಷರಕ್ಕೂ ಜಾಗ ಸಾಲದು. ಐಬಿಎಂ 1928ರಲ್ಲಿ ತಂದ ತೂತುಕಾರ್ಡಿನಿಂದ ಬಂದ ಈ 80ರ ಅಗಲ ಇಂದಿಗೂ ಪ್ರೋಗ್ರಾಮರುಗಳ ಅಭ್ಯಾಸ, ಆದ್ದರಿಂದ ಇದು ಸಣ್ಣ ಸಂಗತಿಯಲ್ಲ. ಸಿಪಿಐ ಸಮ 12 ಎಂದು ಕೊಟ್ಟರೆ ಅಕ್ಷರ ತುಸು ಚಿಕ್ಕದಾಗಿ 80 ಅಕ್ಷರದ ಸಾಲು ನೆಮ್ಮದಿಯಾಗಿ ಹಿಡಿಸುತ್ತದೆ. ಅಂಚು, ಸಾಲುಸಂಖ್ಯೆ ಎರಡನ್ನೂ ಹಾಕಿಸಿದರೆ ಪ್ರೋಗ್ರಾಮಿಗೆ ಸುಮಾರು 75 ಅಕ್ಷರದ ಅಗಲ ಉಳಿಯುತ್ತದೆಂದು ಹುಡುಗರಿಗೆ ಮೊದಲೇ ಹೇಳಿಬಿಡಿ. ಸೈಡ್ಸ್ ಸಮ ಟೂ-ಸೈಡೆಡ್-ಲಾಂಗ್-ಎಡ್ಜ್ ಎಂದರೆ ಹಾಳೆಯ ಎರಡೂ ಮಗ್ಗುಲು ಅಚ್ಚು. ನಂಬರ್-ಅಪ್ ಸಮ 2 ಎಂದರೆ ಒಂದೇ ಮಗ್ಗುಲಲ್ಲಿ ಎರಡು ಪುಟ. ಎರಡನ್ನೂ ಕೂಡಿಸಿದರೆ ನಾಲ್ಕು ಹಾಳೆಯ ಕೆಲಸ ಒಂದರಲ್ಲಿ ಮುಗಿಯುತ್ತದೆ. ಕರಡು ತಿದ್ದುವುದಕ್ಕೆ ಅಷ್ಟು ಸಾಕು.

ತರಗತಿಯ ಅರವತ್ತು ಜನ ಒಟ್ಟಿಗೆ ಮುದ್ರಣಕ್ಕೆ ಕಳಿಸಿದಾಗ ಗದ್ದಲವಾಗುವುದು ಸಹಜ. ಸರತಿ ನೋಡಲು ಎಲ್‌ಪಿಸ್ಟ್ಯಾಟ್, ತಪ್ಪಿ ಕಳಿಸಿದ್ದನ್ನು ನಿಲ್ಲಿಸಲು ಕ್ಯಾನ್ಸಲ್. ಈ ಎರಡನ್ನು ಮೊದಲ ದಿನವೇ ಕಲಿಸಿದರೆ, ಪ್ರಿಂಟರಿನ ಸ್ವಿಚ್ ಆರಿಸಿ ಹಚ್ಚುವ ಲ್ಯಾಬಿನ ಪುರಾತನ ಸಂಪ್ರದಾಯ ತಪ್ಪುತ್ತದೆ. ಯಂತ್ರಗಳ ಹೊಣೆ ಹೊತ್ತವರಿಗೆ ಇನ್ನೊಂದು ಸೂಚನೆ. 2024ರ ಸೆಪ್ಟೆಂಬರಿನಲ್ಲಿ ಸಿಮೋನೆ ಮಾರ್ಗರಿಟೆಲ್ಲಿ ಎಂಬ ಭದ್ರತಾ ತಜ್ಞ ಕಪ್ಸ್‌ನ ಸುತ್ತಲಿನ ಭಾಗಗಳಲ್ಲಿ ಗಂಭೀರ ದೋಷಗಳನ್ನು ಬಯಲು ಮಾಡಿದರು. ಜಾಲದಲ್ಲಿ ಪ್ರಿಂಟರ್ ಹುಡುಕುವ ಕಪ್ಸ್-ಬ್ರೌಸ್ಡ್ ಎಂಬ ಸೇವೆ 631ನೇ ಪೋರ್ಟಿನಲ್ಲಿ ಯಾರ ಮಾತನ್ನಾದರೂ ನಂಬುತ್ತಿತ್ತು. ಲ್ಯಾಬಿನ ಯಂತ್ರಗಳು ಅದಕ್ಕೂ ಹಿಂದಿನ ಆವೃತ್ತಿಯಲ್ಲೇ ನಿಂತಿದ್ದರೆ ಅಪ್‌ಡೇಟ್ ಮಾಡಿ, ಆ ಸೇವೆ ಬೇಡವಾದಲ್ಲಿ ನಿಲ್ಲಿಸಿ.

ಪ್ರಿಂಟರಿನ ಸುತ್ತ ಕಥೆಗಳಿಗೆ ಬರವಿಲ್ಲ. ಲಿನಕ್ಸ್ ಕರ್ನಲ್ಲಿನ ಪ್ರಿಂಟರ್ ಡ್ರೈವರಿನಲ್ಲಿ ‘ಎಲ್‌ಪಿ0ಗೆ ಬೆಂಕಿ ಬಿದ್ದಿದೆ’ ಎಂಬರ್ಥದ ದೋಷಸಂದೇಶವೊಂದು ನಿಜಕ್ಕೂ ಇದೆ. ಪ್ರಿಂಟರ್ ಏನೋ ತೊಂದರೆಯಲ್ಲಿದೆ, ಏನೆಂದು ಮಾತ್ರ ತಿಳಿಯುತ್ತಿಲ್ಲ ಎನ್ನುವಾಗ ಅದು ಕಾಣಿಸಿಕೊಳ್ಳುತ್ತದೆ. ಇನ್ನೊಂದು ಕಥೆ ಹೆಚ್ಚು ಗಂಭೀರ. ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಹಾಕಿಕೊಂಡರೆ ಕಾಯುತ್ತಿರುವವರಿಗೆಲ್ಲ ಸಂದೇಶ ಹೋಗುವಂತೆ ಮಾಡಿದ್ದರು. ಜೆರಾಕ್ಸ್ ಕಂಪನಿ ಹೊಸ ಲೇಸರ್ ಪ್ರಿಂಟರ್ ಕೊಟ್ಟಾಗ ಅದರ ಮೂಲ ಸಂಕೇತವನ್ನು ಕೊಡಲಿಲ್ಲ. ಅದು ಯಾರ ಬಳಿ ಇತ್ತೋ ಅವರನ್ನು ಹುಡುಕಿ ಹೋಗಿ ಕೇಳಿದರೆ, ಕೊಡುವುದಿಲ್ಲವೆಂದು ಕರಾರು ಮಾಡಿಕೊಂಡಿದ್ದೇನೆ ಎಂಬ ಉತ್ತರ. ಆ ಕಹಿಯೂ ಸೇರಿ 1983ರ ಸೆಪ್ಟೆಂಬರಿನಲ್ಲಿ ಗ್ನೂ ಯೋಜನೆ ಘೋಷಣೆಯಾಯಿತು. ಇಂದು ನಿಮ್ಮ ಲ್ಯಾಬಿನ ಲಿನಕ್ಸ್ ಯಂತ್ರದಲ್ಲಿ ಕೂತಿರುವ ಪಿಆರ್, ಫೋಲ್ಡ್, ಎಫ್‌ಎಂಟಿ ಎಲ್ಲವೂ ಆ ಯೋಜನೆಯ ಬರಹಗಳು. ‘ಓಪನ್ ಸೋರ್ಸ್’ ಬಗ್ಗೆ ಸೆಮಿನಾರ್ ಏರ್ಪಡಿಸುವ ಕಾಲೇಜಿನಲ್ಲಿ ಈ ಕಥೆಯನ್ನು ಪ್ರಿಂಟರಿನ ಪಕ್ಕದಲ್ಲೇ ನಿಂತು ಹೇಳಬಹುದು.

ಅಂದಚಂದ ಬೇಕೆನ್ನುವವರಿಗೆ ಎನ್‌ಸ್ಕ್ರಿಪ್ಟ್ ಮತ್ತು ಎ2ಪಿಎಸ್ ಇವೆ. ಇವು ಸಾದಾ ಪಠ್ಯವನ್ನು ಪೋಸ್ಟ್‌ಸ್ಕ್ರಿಪ್ಟಿಗೆ ಬದಲಿಸಿ, ಕೀಲಿಪದಗಳನ್ನು ದಪ್ಪಕ್ಷರದಲ್ಲಿ ತೋರಿಸಿ, ಚೌಕಟ್ಟು ಹಾಕಿ, ಒಂದು ಹಾಳೆಯಲ್ಲಿ ಎರಡು ಪುಟ ಕೂರಿಸುತ್ತವೆ. ಇಂಗ್ಲಿಷಿನಲ್ಲಿರುವ ಪ್ರೋಗ್ರಾಮುಗಳಿಗೆ ಇವು ಸೊಗಸು.

ಆದರೆ ಪ್ರೋಗ್ರಾಮಿನಲ್ಲಿ ಒಂದು ಕನ್ನಡ ಕಾಮೆಂಟ್ ಬಂತೋ, ಆಟ ಕೆಟ್ಟಿತು. ನಮಗೆ ಮುಖ್ಯವಾಗಬೇಕಾದ ಜಾಗ ಇದು. ವಿಟಿಯು ಪಠ್ಯಕ್ರಮದಲ್ಲಿ ಸಾಂಸ್ಕೃತಿಕ ಕನ್ನಡ, ಬಳಕೆ ಕನ್ನಡ ಪತ್ರಿಕೆಗಳಿವೆ. ದತ್ತಾಂಶದಲ್ಲಿ ಊರಿನ, ಜನರ ಹೆಸರುಗಳು ಕನ್ನಡದಲ್ಲೇ ಬರುತ್ತವೆ. ಅವನ್ನು ಆಜ್ಞಾಸಾಲಿನಿಂದ ಮುದ್ರಿಸಹೋದವರಿಗೆ ಸಿಗುವುದು ಪ್ರಶ್ನಾರ್ಥಕ ಚಿಹ್ನೆ, ಖಾಲಿ ಡಬ್ಬಿ, ಅಥವಾ ಒತ್ತಕ್ಷರ ಬಿಚ್ಚಿಕೊಂಡು ಬಿದ್ದ ಸಾಲು.

ಕಾರಣ ಎಣಿಕೆಯಲ್ಲಿದೆ. ಈ ಆಜ್ಞೆಗಳು ಹುಟ್ಟಿದಾಗ ಒಂದು ಅಕ್ಷರವೆಂದರೆ ಒಂದು ಬೈಟು, ಒಂದು ಬೈಟೆಂದರೆ ಕಾಗದದ ಮೇಲೆ ಒಂದು ಮನೆ. ಯೂನಿಕೋಡಿನ ಕನ್ನಡದಲ್ಲಿ ಈ ಮೂರೂ ಬೇರೆ ಬೇರೆ. ‘ಕನ್ನಡ’ ಎಂದು ಬರೆದರೆ ಓದುವವನ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಕ, ನ, ಹಲಂತ, ನ, ಡ ಎಂದು ಐದು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟು ಹಿಡಿಯುವುದರಿಂದ ಒಟ್ಟು 15 ಬೈಟು. ‘ರಾಷ್ಟ್ರ’ ಎಂಬಲ್ಲಿ ಅಕ್ಷರ ಎರಡೇ, ಸಂಕೇತ ಏಳು, ಬೈಟು 21. ಡಬ್ಲ್ಯೂಸಿ ಆಜ್ಞೆಗೆ ಹೈಫನ್ ಎಂ ಮತ್ತು ಹೈಫನ್ ಸಿ ಕೊಟ್ಟು ವಿದ್ಯಾರ್ಥಿಗಳೇ ಇದನ್ನು ಪರೀಕ್ಷಿಸಬಹುದು. ಕಡತದ ಕೊನೆಯ ಸಾಲುಮುರಿತವೂ ಎಣಿಕೆಗೆ ಸೇರುತ್ತದೆಂಬುದು ನೆನಪಿರಲಿ. ಗ್ನೂ ಫೋಲ್ಡ್ ಬಹುಕಾಲ ಬೈಟುಗಳನ್ನೇ ಎಣಿಸುತ್ತ ಬಂತು. 20ಕ್ಕೆ ಮಡಿಸು ಎಂದರೆ ಆರು ಸಂಕೇತ ಪೂರ್ತಿ ಬಿಟ್ಟು ಏಳನೆಯದರ ಮೂರು ಬೈಟಿನಲ್ಲಿ ಎರಡನ್ನು ಈಚೆ, ಒಂದನ್ನು ಆಚೆ ಹಾಕುತ್ತಿತ್ತು. ಎರಡು ಕಡೆಯೂ ಕಸ. ಅಂಥ ಹಳೆಯ ಆವೃತ್ತಿಯಲ್ಲಿ ಕನ್ನಡ ಮಡಿಸಲೇಬೇಕಾದರೆ ಹೈಫನ್ ಎಸ್ ಕಡ್ಡಾಯವಾಗಿ ಹಾಕಿ, ಸಂಕೇತಕ್ಕೆ ಮೂರು ಬೈಟಿನ ಲೆಕ್ಕದಲ್ಲಿ ಅಗಲವನ್ನು 180ರ ಆಸುಪಾಸು ಇಟ್ಟರೆ ಕೆಲಸ ಸಾಗುತ್ತದೆ.

ಬೈಟಿನ ಸಮಸ್ಯೆ ದಾಟಿದರೂ ಒತ್ತಕ್ಷರ ಕೂಡಿಸುವವರು ಯಾರು? ಎನ್‌ಸ್ಕ್ರಿಪ್ಟಿಗೆ ಯುಟಿಎಫ್-8 ಗೊತ್ತೇ ಇಲ್ಲ. ಕಪ್ಸ್ ಬಳಸುವ ಪಠ್ಯ ಪರಿವರ್ತಕ ಒಂದು ಸಂಕೇತಕ್ಕೆ ಒಂದು ಆಕಾರ ಎಂದು ಸಾಲಾಗಿ ಇಟ್ಟುಕೊಂಡು ಹೋಗುತ್ತದೆ, ಹಾಗಾಗಿ ‘ಷ್ಟ್ರ’ ಒಂದಾಗುವುದಿಲ್ಲ. ಇದಕ್ಕೆ ಸಿದ್ಧ ಪರಿಹಾರ ಪ್ಯಾಪ್ಸ್ ಎಂಬ ಪುಟ್ಟ ತಂತ್ರಾಂಶ. ಗ್ನೋಮ್ ಡೆಸ್ಕ್‌ಟಾಪ್ ಬಳಸುವ ಪ್ಯಾಂಗೊ ಎಂಬ ಅಕ್ಷರಜೋಡಣೆಯ ಗ್ರಂಥಾಲಯವನ್ನೇ ಅದು ಬಳಸುತ್ತದೆ. ಪರದೆಯ ಮೇಲೆ ಕನ್ನಡ ಹೇಗೆ ಸರಿಯಾಗಿ ಕಾಣುತ್ತದೋ ಕಾಗದದ ಮೇಲೂ ಹಾಗೇ ಬರುತ್ತದೆ, ಉದ್ದ ಸಾಲುಗಳನ್ನೂ ತಾನೇ ಮಡಿಸಿಕೊಳ್ಳುತ್ತದೆ. ಫಾಂಟ್ ಆಯ್ಕೆಯಲ್ಲಿ ನೋಟೋ ಸಾನ್ಸ್ ಕನ್ನಡವನ್ನೋ ಲೋಹಿತ್ ಕನ್ನಡವನ್ನೋ ಹೆಸರಿಸಿ, ಪೇಪರ್ ಎ4 ಎಂದು ಹೇಳಿ, ಫಲಿತಾಂಶವನ್ನು ಎಲ್‌ಪಿಗೆ ಹಾಯಿಸಿದರೆ ಮುಗಿಯಿತು. ಸಾಲುಸಂಖ್ಯೆ ಬೇಕಾದರೆ ಮೊದಲು ಎನ್‌ಎಲ್ ಆಜ್ಞೆಗೆ ಹೈಫನ್ ಬಿಎ ಕೊಟ್ಟು ಹಾಯಿಸಿ. ಅದು ಸಂಖ್ಯೆಯನ್ನು ಸಾಲಿನ ಆರಂಭಕ್ಕೆ ಸೇರಿಸುವುದರಿಂದ ಕನ್ನಡದ ಅಗಲ ಎಣಿಸುವ ಗೊಡವೆಗೇ ಹೋಗುವುದಿಲ್ಲ. ಪ್ಯಾಪ್ಸ್ ಇಲ್ಲದ ಯಂತ್ರದಲ್ಲಿ ಲಿಬ್ರೆ ಆಫೀಸನ್ನು ಕಿಟಕಿ ತೆರೆಯದೆ, ಹೆಡ್‌ಲೆಸ್ ಆಯ್ಕೆಯಲ್ಲಿ ಓಡಿಸಿ ಪಠ್ಯವನ್ನು ಪಿಡಿಎಫ್ ಮಾಡಬಹುದು. ತುಸು ನಿಧಾನ, ಆದರೆ ಒತ್ತಕ್ಷರ ಕೆಡುವುದಿಲ್ಲ.

ಕನ್ನಡದ ಅಂಕಣಗಳನ್ನು ಮಾತ್ರ ಈ ದಾರಿಯಲ್ಲಿ ನೇರ ನಿಲ್ಲಿಸುವುದು ಕಷ್ಟ. ನಮ್ಮ ಅಕ್ಷರಗಳೆಲ್ಲ ಒಂದೇ ಅಗಲದವಲ್ಲ. ಅಂಕಪಟ್ಟಿಯಂಥದಕ್ಕೆ ಸ್ಪ್ರೆಡ್‌ಶೀಟೇ ಸರಿ ಎಂದು ಒಪ್ಪಿಕೊಳ್ಳುವುದು ಜಾಣತನ.

ನುಡಿ, ಬರಹಗಳ ಹಳೆಯ ಫಾಂಟ್ ಸಂಕೇತದಲ್ಲಿ ಟೈಪಿಸಿದ ಕಡತಗಳು ಇನ್ನೂ ಎಷ್ಟೋ ಕಚೇರಿಗಳಲ್ಲಿವೆ. ಅವುಗಳೊಳಗೆ ಇರುವುದು ಕನ್ನಡವಲ್ಲ, ತಲೆಯ ಮೇಲೆ ಗೀರು-ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು. ಆ ಫಾಂಟನ್ನೇ ತೊಡಿಸಿದಾಗ ಮಾತ್ರ ಕನ್ನಡವಾಗಿ ತೋರುತ್ತವೆ. ಸಾದಾ ಪಠ್ಯದ ಕಡತಕ್ಕೆ ಫಾಂಟಿನ ನೆನಪಿರುವುದಿಲ್ಲವಾದ್ದರಿಂದ ಇಂಥವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸದೆ ಆಜ್ಞಾಸಾಲಿನಿಂದ ಮುದ್ರಿಸಲಾಗದು.

ವಿಂಡೋಸ್ ಇರುವ ಲ್ಯಾಬಿನವರು ಮುಖ ತಿರುಗಿಸಬೇಕಾಗಿಲ್ಲ. ಅಲ್ಲಿ ನೋಟ್‌ಪ್ಯಾಡಿಗೆ ಸ್ಲ್ಯಾಷ್ ಪಿ ಎಂದು ಕೊಟ್ಟು ಕಡತದ ಹೆಸರು ಹೇಳಿದರೆ ನೇರ ಮುದ್ರಣಕ್ಕೆ ಹೋಗುತ್ತದೆ, ಪವರ್‌ಶೆಲ್ಲಿನಲ್ಲಿ ಔಟ್-ಪ್ರಿಂಟರ್ ಇದೆ. ಪಿಆರ್‌ನಷ್ಟು ಸೌಲಭ್ಯ ಇಲ್ಲದಿದ್ದರೂ ಕರಿ ಚೌಕಕ್ಕಿಂತ ಮೇಲು.

ಮುಂದಿನ ಸೆಮಿಸ್ಟರಿನ ಮೊದಲ ಲ್ಯಾಬಿಗೆ ಮುನ್ನ ದಯವಿಟ್ಟು ಮೂರು ಕೆಲಸ ಮಾಡಿ. ಲ್ಯಾಬಿನ ಯಂತ್ರಗಳಲ್ಲಿ ಪ್ಯಾಪ್ಸ್ ಮತ್ತು ಒಂದು ಕನ್ನಡ ಫಾಂಟ್ ಹಾಕಿಸಿ. ಟ್ಯಾಬ್ ಬಿಡಿಸಿ, ಪುಟ ಕಟ್ಟಿ, ಎ4ಗೆ ಕಳಿಸುವ ಆಜ್ಞೆಯನ್ನು ನಿಮ್ಮ ಪ್ರಿಂಟರಿನಲ್ಲಿ ಒಮ್ಮೆ ಪರೀಕ್ಷಿಸಿ, ಸರಿ ಹೊಂದಿದ ಸಾಲನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ. ಅದರ ಕೆಳಗೆ, ಟರ್ಮಿನಲ್ಲಿನ ಸ್ಕ್ರೀನ್‌ಶಾಟ್ ಅಂಟಿಸಿದ ರೆಕಾರ್ಡಿಗೆ ಸಹಿ ಹಾಕುವುದಿಲ್ಲವೆಂದೂ ಬರೆಯಿರಿ.

ಇಂತಿ,
ಲ್ಯಾಬ್ ರೆಕಾರ್ಡುಗಳನ್ನು ಓದಬೇಕಾಗಿ ಬಂದ ಒಬ್ಬ ಓದುಗ